ಕಟೌಟ್ ಬದಲಿಸುವ ಮೊದಲು

ಹಳೆಯ ಗಾಡಿಯ ಹೆಡ್‌ಲೈಟು ಇದ್ದಕ್ಕಿದ್ದಂತೆ ಬೆಳ್ಳಗೆ ಉರಿಯತೊಡಗಿದರೆ ಯಾರೂ ಅದನ್ನು ದೂರೆಂದು ಗ್ಯಾರೇಜಿಗೆ ತರುವುದಿಲ್ಲ. ಹಾರನ್ನೂ ಜೋರಾಗಿರುತ್ತದೆ, ಗಾಡಿ ಸುಧಾರಿಸಿತು ಎಂದೇ ಅನಿಸುತ್ತದೆ. ಬಂಗಾರಪೇಟೆಯಿಂದ ಕಾಮಸಮುದ್ರದ ಕಡೆಗೋ ಬೂದಿಕೋಟೆಯ ಕಡೆಗೋ ಕತ್ತಲಲ್ಲಿ ಹೋಗಬೇಕಾದವನಿಗೆ ಆ ಬೆಳಕು ಬೇಡವೆನಿಸುವುದಾದರೂ ಹೇಗೆ? ಕೆಲವೇ ದಿನಗಳಲ್ಲಿ ಬಲ್ಬು ಹೋಗುತ್ತದೆ. ಹೊಸದು ಹಾಕಿದರೆ ಅದೂ ಹೋಗುತ್ತದೆ. ಬ್ಯಾಟರಿಯ ನೀರು ಇಂಗುತ್ತದೆ, ಪಕ್ಕದ ಡಬ್ಬಿ ತೆರೆದರೆ ಕೊಳೆತ ಮೊಟ್ಟೆಯ ನಾತ. ಆಗ ಶುರುವಾಗುವ ರಿಪೇರಿಗೆ ನಮ್ಮ ಕಡೆ ಒಂದು ಕ್ರಮ ಬಿದ್ದುಹೋಗಿದೆ. ಮೊದಲು ಬಲ್ಬು, ಆಮೇಲೆ ಬ್ಯಾಟರಿ, ಕೊನೆಗೆ ಕಟೌಟ್, ಅಂದರೆ ಚಾರ್ಜಿಂಗ್ ವೋಲ್ಟೇಜನ್ನು ಹಿಡಿದಿಡುವ ರೆಗ್ಯುಲೇಟರ್. ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳ ರಸ್ತೆಬದಿ ಗ್ಯಾರೇಜುಗಳಲ್ಲಿ ನಾನು ನೋಡುತ್ತ ಬಂದಿರುವುದು ಇದನ್ನೇ. ಗಿರಾಕಿಯ ಜೇಬಿನಿಂದ ಮತ್ತೆ ಮತ್ತೆ ದುಡ್ಡು ಹೋಗುತ್ತದೆ, ವೋಲ್ಟ್ ಮೀಟರು ಮಾತ್ರ ಒಂದು ಸಲವೂ ಹೊರಗೆ ಬರುವುದಿಲ್ಲ.

ಈ ಮೆಕ್ಯಾನಿಕ್‌ಗಳ ಕೌಶಲದ ಬಗ್ಗೆ ನನಗೆ ಗೌರವವಿದೆ. ಟ್ಯಾಪೆಟ್ ಸದ್ದು ಕೇಳಿಯೇ ಎಷ್ಟು ಸಡಿಲವಿದೆಯೆಂದು ಹೇಳುವವರು, ಪ್ಲಗ್ಗಿನ ಬಣ್ಣ ನೋಡಿ ಕಾರ್ಬುರೇಟರ್ ಸರಿಮಾಡುವವರು ಇಲ್ಲಿದ್ದಾರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಕೋಲಾರ ಜಿಲ್ಲೆ ಬೋರ್‌ವೆಲ್ ನಂಬಿ ಬದುಕುವುದರಿಂದ ಮೋಟರ್ ವೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ. ಜಾವಾ, ಯೆಜ್ಡಿಗಳ ಸುಟ್ಟ ಡೈನಮೋ ಆರ್ಮೇಚರಿಗೆ ಹೊಸ ತಂತಿ ಸುತ್ತಿಸಿಕೊಳ್ಳುವ ದಾರಿ ಇನ್ನೂ ತೆರೆದಿರುವುದು ಅಂಥ ಕೈಗಳಿಂದ. ಆದರೆ ಕಿವಿಯನ್ನೂ ಕಣ್ಣನ್ನೂ ನಂಬಿ ಪತ್ತೆಹಚ್ಚಲಾಗದ ದೋಷ, ಬ್ಯಾಟರಿಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜು ಹೋಗುವ ಓವರ್‌ಚಾರ್ಜ್. ಇಲ್ಲಿ ಎಲ್ಲರೂ ನೆಚ್ಚುವ ಟೆಸ್ಟ್ ಲ್ಯಾಂಪು ಕರೆಂಟು ಬರುತ್ತಿದೆಯೇ ಇಲ್ಲವೇ ಎಂದು ಹೇಳಬಲ್ಲದು, ಎಷ್ಟು ಬರುತ್ತಿದೆ ಎಂದು ಹೇಳಲಾರದು. 14 ವೋಲ್ಟಿಗೂ 16 ವೋಲ್ಟಿಗೂ ಅದು ಚೆನ್ನಾಗಿಯೇ ಉರಿಯುತ್ತದೆ. ಇದಕ್ಕಿಂತ ಕೆಟ್ಟದ್ದು, ಎಂಜಿನ್ ಓಡುವಾಗಲೇ ಬ್ಯಾಟರಿಯ ವೈರು ಕಿತ್ತು 'ಚಾರ್ಜಿಂಗ್ ಇದೆಯಾ' ಎಂದು ನೋಡುವ ಅಭ್ಯಾಸ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ವೋಲ್ಟೇಜಿನ ಏರಿಳಿತವನ್ನು ತಡೆದುಕೊಂಡಿರುವುದೇ ಬ್ಯಾಟರಿ. ಅದನ್ನು ತೆಗೆದ ಕ್ಷಣದಲ್ಲಿ ಬಲ್ಬು, ರೆಗ್ಯುಲೇಟರ್, ಎಲೆಕ್ಟ್ರಾನಿಕ್ ಇಗ್ನಿಷನ್ ಯಾವುದು ಬೇಕಾದರೂ ಸುಡಬಹುದು. ರೋಗ ಹುಡುಕುವ ಹೆಸರಿನಲ್ಲಿ ರೋಗ ಅಂಟಿಸುವ ಈ ಪರೀಕ್ಷೆಯನ್ನು ಯಾರೇ ಮಾಡಲಿ, ನಿಲ್ಲಿಸಬೇಕು.

ಅಚ್ಚರಿಯೆಂದರೆ ವೋಲ್ಟೇಜು ನೋಡುವ ಶಿಸ್ತು ಈ ಊರುಗಳಿಗೆ ಹೊಸದೇನಲ್ಲ. ತೋಟದ ಪಂಪ್‌ಮನೆಯ ಸ್ಟಾರ್ಟರ್ ಬೋರ್ಡಿನಲ್ಲಿ ವೋಲ್ಟ್ ಮೀಟರಿನ ಮುಳ್ಳು ಎಲ್ಲಿದೆಯೆಂದು ನೋಡದೆ ಅನುಭವಸ್ಥ ರೈತ ಮೋಟರ್ ಹಾಕುವುದಿಲ್ಲ. ವೋಲ್ಟೇಜು ಹೆಚ್ಚುಕಡಿಮೆಯಾದರೆ ವೈಂಡಿಂಗ್ ಸುಡುತ್ತದೆಂದು ಅವನಿಗೆ ಗೊತ್ತು. ಅದೇ ರೈತನ ಗಾಡಿಗೆ ಕೆಲವು ನೂರು ರೂಪಾಯಿಯ ಡಿಜಿಟಲ್ ಮೀಟರು ಹಿಡಿಯುವವರು ಪೇಟೆಯಲ್ಲಿ ಸಿಗುವುದು ಕಷ್ಟ.

ಅಳತೆಗೆ ಹೆಚ್ಚು ಹೊತ್ತೂ ಬೇಡ. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟ ತುಂಬಿದ 12 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 12.6 ಸಿಗಬೇಕು. 10.5ರ ಹತ್ತಿರ ಬಂದರೆ ಆರು ಸೆಲ್ಲುಗಳಲ್ಲಿ ಒಂದು ಸತ್ತಿದೆಯೆಂದೇ ಲೆಕ್ಕ, ಅಂಥ ಬ್ಯಾಟರಿ ಇಟ್ಟುಕೊಂಡು ಮುಂದಿನ ಯಾವ ಅಳತೆಯನ್ನೂ ನಂಬಬಾರದು. ಬ್ಯಾಟರಿ ಸರಿಯಿದ್ದರೆ ಎಂಜಿನ್ ಶುರುಮಾಡಿ ನಿಧಾನಕ್ಕೆ ರೇಸ್ ಏರಿಸುತ್ತ ಹೋಗಬೇಕು. ವೋಲ್ಟೇಜು ಏರಿ 14ರ ಆಚೀಚೆ, ಹೆಚ್ಚೆಂದರೆ 14.5ರಲ್ಲಿ ನಿಲ್ಲಬೇಕು. ರೇಸ್ ಏರಿದಂತೆಲ್ಲ ಅದೂ ಏರಿ 15 ದಾಟಿತೆಂದರೆ ಓವರ್‌ಚಾರ್ಜ್. ಹಳೆಯ 6 ವೋಲ್ಟ್ ಗಾಡಿಗೆ ಈ ಅಂಕಿಗಳ ಅರ್ಧ ಹಿಡಿದರಾಯಿತು. ದೋಷ ಕಾಣುವುದು ರೇಸಿನಲ್ಲಾದ್ದರಿಂದ ಬರೀ ರೈಲ್ವೆ ಸ್ಟೇಷನ್ನಿಗೆ ಹೋಗಿಬರುವ ಗಾಡಿಯಲ್ಲಿ ಇದು ತಿಂಗಳುಗಟ್ಟಲೆ ಅಡಗಿರಬಹುದು. ಅದೇ ಗಾಡಿಯನ್ನು ಮುಳಬಾಗಿಲು ಹೆದ್ದಾರಿಯಲ್ಲಿ ಓಡಿಸಿದ ದಿನ ಆ್ಯಸಿಡ್ ಉಕ್ಕಿ ಚಾಸಿಯ ಬಣ್ಣ ತಿನ್ನುತ್ತದೆ.

ಒಂದು ಗೊಂದಲ ಇಲ್ಲೇ ಬಿಡಿಸಬೇಕು. ಲೈಟು ಬ್ಯಾಟರಿಯಿಂದಲ್ಲದೆ ಮ್ಯಾಗ್ನೆಟೋದಿಂದ ನೇರವಾಗಿ ಉರಿಯುವ ಹಳೆಯ ಮೊಪೆಡ್ಡುಗಳಲ್ಲಿ ಹೆಡ್‌ಲೈಟ್ ಬಲ್ಬು ಹೋದ ಬೆನ್ನಿಗೇ ಟೇಲ್ ಲೈಟೂ ಹೋಗುವುದುಂಟು. ಅದು ಓವರ್‌ಚಾರ್ಜ್ ಅಲ್ಲ. ಅಲ್ಲಿ ವೋಲ್ಟೇಜನ್ನು ಹಿಡಿದಿಡುತ್ತಿದ್ದುದು ಆ ದೊಡ್ಡ ಬಲ್ಬಿನ ಹೊರೆಯೇ. ಅದು ಹೋದಾಗ ಅಷ್ಟೂ ಚಿಕ್ಕ ಬಲ್ಬಿನ ಮೇಲೆ ಬೀಳುತ್ತದೆ. ಕಡಿಮೆ ವಾಟಿನ ಬಲ್ಬು ಹಾಕಿಕೊಂಡವರಿಗೂ ಆಗುವುದು ಇದೇ.

15 ದಾಟಿತು ಎಂದ ಕೂಡಲೇ ರೆಗ್ಯುಲೇಟರನ್ನು ಗಲ್ಲಿಗೇರಿಸುವುದು ರಿಪೇರಿಯ ಎರಡನೆಯ ತಪ್ಪು. ಮೀಟರು ಇಟ್ಟುಕೊಂಡ ಗ್ಯಾರೇಜುಗಳೂ ಎಡವುವುದು ಇಲ್ಲೇ. ದೋಷ ದಾರಿಯ ತಂತಿಯಲ್ಲೂ ಇರಬಹುದು. ತಂತಿ ಉದ್ದವಾದಷ್ಟೂ, ಜೋಡಣೆ ಸಡಿಲವಾದಷ್ಟೂ ಆ ತುದಿಯ ವೋಲ್ಟೇಜು ಈ ತುದಿಯಲ್ಲಿ ಸಿಗುವುದಿಲ್ಲ. ಇದನ್ನು ಚೆನ್ನಾಗಿ ಅರಿತವರು ಕರೆಂಟು ತಂದುಕೊಟ್ಟ ಊರು ಕೆ.ಜಿ.ಎಫ್. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಚಿನ್ನದ ಗಣಿಗಳಿಗೆ ಬಂತು.  ಅಷ್ಟು ದೂರದಲ್ಲಿ ನಷ್ಟ ತಗ್ಗಿಸಲೆಂದೇ ವೋಲ್ಟೇಜನ್ನು ಬಹಳ ಎತ್ತರಕ್ಕೇರಿಸಿ ಕಳಿಸಿ, ಇಲ್ಲಿ ಇಳಿಸಿಕೊಳ್ಳುತ್ತಿದ್ದರು. ಗಾಡಿಯ ವೈರಿಂಗ್ ಕಿಟ್ಟಿನ ಉದ್ದ ಒಂದೆರಡು ಮೀಟರ್ ಇರಬಹುದು, ನಿಯಮ ಮಾತ್ರ ಅದೇ.

ಇಗ್ನಿಷನ್ ಸ್ವಿಚ್ಚಿನ ಮೂಲಕ ಬರುವ ವೈರಿನಿಂದ ಬ್ಯಾಟರಿಯ ವೋಲ್ಟೇಜು ತಿಳಿಯುವ ರೆಗ್ಯುಲೇಟರನ್ನು ತೆಗೆದುಕೊಳ್ಳಿ. ಸ್ವಿಚ್ಚಿನ ಒಳಗಿನ ಹಿತ್ತಾಳೆ ಸವೆದು, ಕಪ್ಲರಿನಲ್ಲಿ ಹಸಿರು ಕಿಲುಬು ಕೂತು, ಆ ದಾರಿಯಲ್ಲೇ ಒಂದು ವೋಲ್ಟ್ ಕಳೆದುಹೋಗುತ್ತಿದೆ ಎನ್ನೋಣ. ಬ್ಯಾಟರಿಯಲ್ಲಿ 14.2 ಇದ್ದರೂ ರೆಗ್ಯುಲೇಟರಿಗೆ ಕಾಣುವುದು 13.2. ಇನ್ನೂ ಸಾಲದೆಂದು ಅದು ಬಿಡುತ್ತಲೇ ಹೋಗುತ್ತದೆ. ತನ್ನ ಕಣ್ಣಿಗೆ 14.2 ಬೀಳುವ ಹೊತ್ತಿಗೆ ಬ್ಯಾಟರಿ 15.2ರಲ್ಲಿ ಕುದಿಯುತ್ತಿರುತ್ತದೆ. ರೆಗ್ಯುಲೇಟರ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಹೊಸದನ್ನು ಹಾಕಿದರೆ ಹೊಸದೂ ಇದನ್ನೇ ಮಾಡುತ್ತದೆ. ಗಿರಾಕಿ 'ಸಾಮಾನು ಡುಪ್ಲಿಕೇಟು' ಎಂದು ಅಂಗಡಿಯವನ ಜತೆ ಜಗಳಕ್ಕೆ ನಿಲ್ಲುತ್ತಾನೆ. ಇದನ್ನು ಪತ್ತೆಹಚ್ಚಲು ಎಂಜಿನ್ ಓಡುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಆ ವೈರು ರೆಗ್ಯುಲೇಟರಿಗೆ ಸೇರುವ ಕಡೆಗೆ ಇಟ್ಟರೆ ಸಾಕು. 0.2ಕ್ಕಿಂತ ಹೆಚ್ಚು ಕಂಡರೆ ಸ್ವಿಚ್ಚು, ಕಪ್ಲರು ಬಿಚ್ಚಿ ಒರೆಸಬೇಕು.

ಮೈನಸ್ ಕಡೆಗೂ ಇದೇ ಪರೀಕ್ಷೆ ಬೇಕು. ಬ್ಯಾಟರಿಯ ಮೈನಸ್ಸಿಗೂ ರೆಗ್ಯುಲೇಟರಿನ ಮೈಗೂ ನಡುವೆ ಅಳೆಯುವವರನ್ನು ನಾನು ಕಂಡದ್ದೇ ಅಪರೂಪ. ಹಳೆಯ ಗಾಡಿಗಳನ್ನು ಹೊಸದರಂತೆ ಮಾಡಿಸುವ ಹುಚ್ಚು ಈಗ ಹೆಚ್ಚಾಗಿದೆ, ಅದು ಒಳ್ಳೆಯದೇ. ಆದರೆ ಚಾಸಿಯನ್ನು ಪೌಡರ್ ಕೋಟಿಂಗಿಗೆ ಕೊಟ್ಟು ತಂದ ಮೇಲೆ ಆ ದಪ್ಪ ಬಣ್ಣದ ಮೇಲೆಯೇ ರೆಗ್ಯುಲೇಟರ್ ಬೋಲ್ಟು ಬಿಗಿಯುತ್ತಾರೆ. ಮೈಯಿಂದಲೇ ಅರ್ತಿಂಗ್ ಪಡೆಯಬೇಕಾದ ಪೆಟ್ಟಿಗೆಗೆ ಚಾಸಿಯ ಸಂಪರ್ಕವೇ ತಪ್ಪುತ್ತದೆ. ಮದುವೆ ಗಾಡಿಯಂತೆ ಹೊಳೆಯುವ ಬುಲೆಟ್ಟಿನ ಬ್ಯಾಟರಿ ಉಬ್ಬಿಕೊಳ್ಳುವುದಕ್ಕೆ ಒಂದು ಬಿಲ್ಲೆಯಗಲದ ಬಣ್ಣ ಸಾಕು.

ಹಳೆಯ ಬುಲೆಟ್ಟಿನವರಿಗೆ ಒಂದು ಅನುಕೂಲವಿದೆ. ಹೆಡ್‌ಲೈಟಿನ ಮೇಲಿನ ಆಮ್‌ಮೀಟರಿನ ಮುಳ್ಳು ಕಿಕ್ ಹೊಡೆದ ಮೇಲೆ ಪ್ಲಸ್ಸಿಗೆ ಹೋಗಿ, ಬ್ಯಾಟರಿ ತುಂಬುತ್ತ ಬಂದಂತೆ ನಡುವಿಗೆ ಮರಳಬೇಕು. ಗಂಟೆಗಟ್ಟಲೆ ಓಡಿದರೂ ಪ್ಲಸ್ಸಿನಲ್ಲೇ ಅಂಟಿಕೊಂಡಿದ್ದರೆ 'ಚಾರ್ಜಿಂಗ್ ಸೂಪರ್' ಎಂದು ಹಿಗ್ಗುವ ಬದಲು ಅನುಮಾನಪಡಬೇಕು. ಯೆಜ್ಡಿಯ ಕೆಂಪು ದೀಪಕ್ಕೆ ಈ ಶಕ್ತಿಯಿಲ್ಲ. ಚಾರ್ಜ್ ಬರದಿದ್ದರೆ ಅದು ಹೇಳುತ್ತದೆ, ಹೆಚ್ಚಾದರೆ ಸುಮ್ಮನಿರುತ್ತದೆ.

ಯೆಜ್ಡಿಯಲ್ಲಿ ಇನ್ನೊಂದು ಹಳೆಯ ಚಾಳಿ ಇದೆ. ಬೆಳಕು ಸಾಲದೆಂದು ಗಿರಾಕಿ ಹೇಳಿದರೆ ಕಟೌಟಿನ ಮುಚ್ಚಳ ತೆಗೆದು, ಒಳಗಿನ ಸ್ಪ್ರಿಂಗ್ ಪಟ್ಟಿಯನ್ನು ಬಗ್ಗಿಸಿ ಬಿಗಿ ಮಾಡುವುದು. ಬಿಗಿ ಹೆಚ್ಚಿದಷ್ಟೂ ಕಾಂಟ್ಯಾಕ್ಟು ತಡವಾಗಿ ಬಿಡುತ್ತದೆ, ಡೈನಮೋದ ವೋಲ್ಟೇಜು ಅಷ್ಟೂ ಏರುತ್ತದೆ. ಬೆಳಕು ಸಾಲದ್ದಕ್ಕೆ ಕಾರಣ ಸವೆದ ಕಾರ್ಬನ್ನೋ ತುಕ್ಕು ಹಿಡಿದ ಹೋಲ್ಡರೋ ಆಗಿರುತ್ತದೆ, ಶಿಕ್ಷೆ ಕಟೌಟಿಗೆ. ಇದನ್ನು ನಾನು ಜಾಣತನವೆಂದು ಒಪ್ಪಲಾರೆ. ಕಾರ್ಖಾನೆಯಲ್ಲಿ ಅಳೆದು ಕೂರಿಸಿದ್ದನ್ನು ಅಳೆಯದೆ ಕೆಡಿಸುವುದು ಅದು.

ಏನನ್ನು ಬದಲಿಸಿದರೂ ಆಮೇಲೆ ಮತ್ತೊಮ್ಮೆ ಅದೇ ರೇಸಿನಲ್ಲಿ ಅಳೆಯಬೇಕು. ಹೊಸ ಕಟೌಟ್ ಹಾಕಿದ ಮೇಲೂ ಮೀಟರು ಮೊದಲಿನ ಅಂಕಿಯನ್ನೇ ತೋರಿಸಿದರೆ ಕಳಚಿದ್ದರಲ್ಲಿ ದೋಷವಿರಲಿಲ್ಲ, ಅದು ವಾಪಸು ತನ್ನ ಜಾಗಕ್ಕೆ ಹೋಗಬೇಕು. ನಮ್ಮ ಗ್ಯಾರೇಜುಗಳಲ್ಲಿ ಅದು ಹೋಗುವುದು ಗುಜರಿ ಡಬ್ಬಕ್ಕೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಕಾಲದ ಅಸಲಿ ಸಾಮಾನು ಇನ್ನು ಹುಟ್ಟುವುದಿಲ್ಲ. ಬದಲಿಸಿದರೂ ಸರಿ, ತೆಗೆದ ಕಟೌಟನ್ನು ಗಿರಾಕಿ ಕೇಳಿ ಮನೆಗೆ ಒಯ್ಯಬೇಕು.