ದುಭಾಷಿ ಸತ್ತ ಮೇಲೆ

ಚಿತ್ರಕಥೆ ಎಂದರೆ ಅಳುವ ಮಕ್ಕಳ ಕೈಗೆ ಕೊಟ್ಟು ಸುಮ್ಮನಾಗಿಸುವ ಸರಕು ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ‘ಚಂದಮಾಮ’ದ ಬೇತಾಳನನ್ನು ನೋಡಿ ಬೆಳೆಯದ ಕನ್ನಡ ಲೇಖಕರು ಕಡಿಮೆ. ಆದರೆ ಆ ಬೇತಾಳನನ್ನು ಬರೆದ ಶಂಕರ್ ಅವರ ರೇಖೆಯ ಬಗ್ಗೆ ನಮ್ಮ ವಿಮರ್ಶಕರು ಬರೆದದ್ದು ಎಷ್ಟು? ಹಾಗಿರುವಾಗ ಅಂತರ್ಜಾಲದಲ್ಲಿ ಒಂದೊಂದೇ ಪುಟವಾಗಿ ಪ್ರಕಟವಾದ ಅದ್ಭುತ ಲೋಕದ ಕಾಮಿಕ್ಸ್ ಒಂದಕ್ಕೆ ಮನಸೋತೆ ಎಂದು ನಲವತ್ತು ದಾಟಿದ ಕತೆಗಾರ ಹೇಳಿದರೆ ನಗುವವರು ಇರಬಹುದು. ನಗಲಿ.

ಆ ಕೃತಿಯ ಹೆಸರು ‘ಸ್ಟ್ಯಾಂಡ್ ಸ್ಟಿಲ್, ಸ್ಟೇ ಸೈಲೆಂಟ್’. ಅಲುಗಾಡದೆ ನಿಲ್ಲು, ಸದ್ದು ಮಾಡಬೇಡ ಎಂದರ್ಥ. ಬರೆದವರು, ಚಿತ್ರಿಸಿದವರು, ಬಣ್ಣ ತುಂಬಿದವರು ಎಲ್ಲವೂ ಒಬ್ಬರೇ: ಫಿನ್ಲೆಂಡ್ ಮತ್ತು ಸ್ವೀಡನ್ ಎರಡೂ ನಾಡುಗಳ ನಂಟಿರುವ ಮಿನ್ನಾ ಸುಂಡ್‌ಬರ್ಗ್. 2013ರಲ್ಲಿ ಶುರುವಾದ ಈ ಕತೆಯ ಮೊದಲ ಪಯಣ 2018ರಲ್ಲಿ ಮುಗಿಯಿತು, ಎರಡನೆಯದು 2022ರಲ್ಲಿ. ಅಮೆರಿಕದ ರಾಷ್ಟ್ರೀಯ ವ್ಯಂಗ್ಯಚಿತ್ರಕಾರರ ಸಂಘದ ಪ್ರಶಸ್ತಿಯೂ ಇದಕ್ಕೆ ಬಂದಿದೆ.

ಕತೆ ಇಷ್ಟು. ಮೈಮೇಲೆ ದದ್ದು ಏಳುವ ಒಂದು ಸಾಂಕ್ರಾಮಿಕ ಜಗತ್ತನ್ನೇ ನುಂಗಿ 90 ವರ್ಷಗಳಾಗಿವೆ. ಐಸ್‌ಲೆಂಡ್ ಮತ್ತು ಅದರ ನೆರೆಯ ನಾಲ್ಕು ನಾಡುಗಳ ಕೆಲವು ಮೂಲೆಗಳಲ್ಲಿ ಮಾತ್ರ ಮನುಷ್ಯರು ಉಳಿದಿದ್ದಾರೆ. ಉಳಿದದ್ದೆಲ್ಲ ‘ಮೌನಲೋಕ’. ರೋಗ ತಗಲಿಯೂ ಸಾಯದವರು ಅಲ್ಲಿ ರಕ್ಕಸರಾಗಿ ತೆವಳುತ್ತಿದ್ದಾರೆ. ಆ ಮೌನಲೋಕದೊಳಗೆ, ಡೆನ್ಮಾರ್ಕ್‌ನ ಹಾಳೂರುಗಳಿಗೆ, ಕಡಿಮೆ ಖರ್ಚಿನಲ್ಲಿ ಹೊಂದಿಸಿದ ಒಂದು ಸಣ್ಣ ತಂಡ ಹೊರಡುತ್ತದೆ. ಚಿನ್ನ ಹುಡುಕಲು ಅಲ್ಲ, ಹಳೆಯ ಪುಸ್ತಕ ಹುಡುಕಿ ತಂದು ಮಾರಲು! ಪುಸ್ತಕಕ್ಕಾಗಿ ಜೀವ ಒತ್ತೆಯಿಡುವ ಈ ಕಲ್ಪನೆಗೇ ನಾನು ಅರ್ಧ ಸೋತಿದ್ದೆ.

ಉಳಿದರ್ಧ ಸೋತದ್ದು ಚಿತ್ರಗಳಿಗೆ. ಸುಂಡ್‌ಬರ್ಗ್ ಬಣ್ಣಗಳನ್ನು ಜಿಪುಣರಂತೆ ಬಳಸುತ್ತಾರೆ. ಪುಟವಿಡೀ ಹಿಮದ ಬೂದು ನೀಲಿ. ಅದರ ನಡುವೆ ಎಲ್ಲೋ ಒಂದು ಲಾಟೀನಿನ ಕಿತ್ತಳೆ. ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ, ಭಯವೂ ಅಲ್ಲಿಂದಲೇ ಶುರುವಾಗುತ್ತದೆ. ಏಕೆಂದರೆ ಬೆಳಕಿರುವಲ್ಲಿ ಮನುಷ್ಯರಿದ್ದಾರೆ ಎಂದು ಕತ್ತಲಿಗೂ ಗೊತ್ತು. ಹಾಳುಬಿದ್ದ ಮನೆಗಳನ್ನು ಬರೆಯುವಾಗ ಅವರಿಗೆ ಅವಸರವೇ ಇಲ್ಲ. ನಮ್ಮ ದಾಸ್ತಾನ್‌ಗಳ ನೆನಪಾಯಿತು ಎಂದರೆ ಅತಿಯಾಗದು. ಅಕ್ಬರನ ಚಿತ್ರಶಾಲೆಯಲ್ಲಿ 1562ರ ಸುಮಾರಿಗೆ ಶುರುವಾಗಿ ಹತ್ತಿರ ಹತ್ತಿರ 15 ವರ್ಷ ನಡೆದ ‘ಹಮ್ಝಾನಾಮಾ’ದ ಕೆಲಸದಲ್ಲಿ ಸುಮಾರು 1400 ದೊಡ್ಡ ಚಿತ್ರಗಳು ತಯಾರಾದವು. ಬಟ್ಟೆಯ ಮೇಲೆ ಚಿತ್ರ, ಅದರ ಹಿಂಬದಿಯಲ್ಲಿ ಕತೆ. ಅಲ್ಲಿ ಒಂದು ದೊಡ್ಡ ಕಾರ್ಖಾನೆಯೇ ದುಡಿಯಿತು, ಇಲ್ಲಿ ಒಬ್ಬ ಹೆಣ್ಣುಮಗಳು. ಆದರೆ ಕೇಳುಗನನ್ನು ನಾಳೆಗಾಗಿ ಕಾಯಿಸುವ ವಿದ್ಯೆ ಒಂದೇ.

ಇಷ್ಟೇ ಆಗಿದ್ದರೆ ಒಂದು ಸುಂದರ ಕೃತಿ ಎಂದು ಹೊಗಳಿ ಮುಗಿಸಬಹುದಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತಿನ ಗುಳ್ಳೆಗಳ ಮೂಲೆಯಲ್ಲಿರುವ ಪುಟ್ಟ ಬಾವುಟಗಳು. ಕೃತಿ ಇಂಗ್ಲಿಷಿನಲ್ಲಿದೆ. ಆದರೆ ಪಾತ್ರಗಳು ಆಡುವುದು ಬೇರೆ ಬೇರೆ ಭಾಷೆ. ಯಾರು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆಂದು ಬಾವುಟ ಹೇಳುತ್ತದೆ. ನಾರ್ವೆಯ ನಾಯಕಿ ಸಿಗ್ರುನ್, ಡೆನ್ಮಾರ್ಕ್‌ನ ಮಿಕ್ಕೆಲ್, ಸ್ವೀಡನ್ನಿನ ಎಮಿಲ್, ಈ ಮೂವರ ನುಡಿಗಳು ಒಂದಕ್ಕೊಂದು ಹತ್ತಿರ, ಹೇಗೋ ನಡೆಯುತ್ತದೆ. ಆಹಾರದ ಪೆಟ್ಟಿಗೆಯಲ್ಲಿ ಅಡಗಿ ಬಂದು ಸೇರಿಕೊಂಡ ರೇನಿರ್‌ಗೆ ಐಸ್‌ಲೆಂಡಿನ ಭಾಷೆ ಬಿಟ್ಟು ಬೇರೇನೂ ಬಾರದು. ರಾತ್ರಿಯಲ್ಲಿ ದಾರಿ ಹುಡುಕುವ ಮಾಂತ್ರಿಕ ಹುಡುಗ ಲಲ್ಲಿಗೆ ಫಿನ್ನಿಶ್ ಮಾತ್ರ ಗೊತ್ತು. ಇವರೆಲ್ಲರ ನಡುವೆ ದುಭಾಷಿಯಾಗಿ ಓಡಾಡುವವಳು ಅವನ ಸೋದರಸಂಬಂಧಿ ತೂರಿ. ದುಂಡು ಮುಖದ, ಸದಾ ಖುಷಿಯ, ಹಳೆಯ ಲೋಕ ನೋಡುವ ಹುಚ್ಚಿನ ಹುಡುಗಿ.

ತೂರಿಯನ್ನು ನಾನು ಬಲ್ಲೆ. ನಮ್ಮ ಮನೆಗಳಲ್ಲಿ ಆಕೆ ಇದ್ದಾಳೆ. ದಖನಿ ಮಾತ್ರ ಬಲ್ಲ ಅಜ್ಜಿಯ ಜೊತೆ ಆಸ್ಪತ್ರೆಗೆ, ಪಡಿತರದ ಅಂಗಡಿಗೆ, ತಾಲೂಕು ಕಚೇರಿಗೆ ಹೋಗುವ ಹತ್ತು ವರ್ಷದ ಮಗು ಅದು. ಡಾಕ್ಟರು ಕನ್ನಡದಲ್ಲಿ ಹೇಳಿದ್ದನ್ನು ಅಜ್ಜಿಗೆ ಹೇಳುವಾಗ ಸ್ವಲ್ಪ ಮೆದು ಮಾಡುತ್ತದೆ. ಅಜ್ಜಿಯ ಸಿಡುಕನ್ನು ಡಾಕ್ಟರಿಗೆ ಹೇಳುವಾಗ ಸಕ್ಕರೆ ಬೆರೆಸುತ್ತದೆ. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ನನ್ನಂಥವರಿಗೆ ಈ ಕೆಲಸ ಹೊಸದಲ್ಲ. ಹಾಗೆ ನೋಡಿದರೆ ಕನ್ನಡದಲ್ಲಿ ಮುಸ್ಲಿಂ ಬದುಕಿನ ಕತೆ ಬರೆಯುವುದೂ ಬಹುಮಟ್ಟಿಗೆ ಇದೇ ಕೆಲಸ.

ಕೃತಿಯ ನಡುವೆ ಸುಂಡ್‌ಬರ್ಗ್ ಒಂದು ಮರದ ಚಿತ್ರ ಬರೆದಿದ್ದಾರೆ. ಕಾಮಿಕ್ಸ್ ಓದದವರೂ ಅದನ್ನು ನೋಡಿರಬಹುದು; 2014ರಿಂದ ಅದು ಜಗತ್ತೆಲ್ಲ ಸುತ್ತಿದೆ. ಇಂಡೋ-ಯುರೋಪಿಯನ್ ಭಾಷೆಗಳದ್ದು ಒಂದು ಹೆಮ್ಮರ, ಪಕ್ಕದಲ್ಲಿ ಫಿನ್ನಿಶ್ ಇರುವ ಉರಾಲಿಕ್ ಭಾಷೆಗಳ ಒಂದು ಸಣ್ಣ ಮರ. ಹೆಚ್ಚು ಜನ ಆಡುವ ಭಾಷೆಗೆ ಎಲೆಗೊಂಚಲು ದೊಡ್ಡದು. ಲಲ್ಲಿ ಏಕೆ ಒಂಟಿ ಎಂಬುದನ್ನು ಹತ್ತು ಪುಟಗಳ ಸಂಭಾಷಣೆ ಹೇಳಲಾರದ್ದನ್ನು ಈ ಒಂದು ಚಿತ್ರ ಹೇಳುತ್ತದೆ. ದೊಡ್ಡ ಮರದಲ್ಲಿ ಐಸ್‌ಲೆಂಡಿನ ನುಡಿಯಿಂದ ಬಹು ದೂರದ ಕೊಂಬೆಯೊಂದರಲ್ಲಿ ಉರ್ದು ಇದೆ. ಕನ್ನಡ ಎರಡೂ ಮರಗಳಲ್ಲಿಲ್ಲ. ಇರಬೇಕಾದ್ದೂ ಅಲ್ಲ, ಅದು ದ್ರಾವಿಡ ನುಡಿ. ಆದರೆ ಯೋಚಿಸಿ: ನಾನು ಮೊದಲು ಅಕ್ಷರ ಕಲಿತ ಭಾಷೆ ಬಂಧುತ್ವದ ಲೆಕ್ಕದಲ್ಲಿ ಸ್ವೀಡಿಶ್‌ಗೆ ದೂರದ ನೆಂಟ, ನಾನು ಕತೆ ಬರೆಯುವ ಭಾಷೆಗೆ ಏನೂ ಅಲ್ಲ. ಲಲ್ಲಿಯ ಫಿನ್ನಿಶ್‌ಗೂ ಎಮಿಲನ ಸ್ವೀಡಿಶ್‌ಗೂ ಇರುವ ಸಂಬಂಧವೂ ಇದೇ. ಬೇರು ಬೇರೆ, ಬೇಲಿ ಒಂದೇ. ಶತಮಾನಗಳಿಂದ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡಿದ ಎರಡು ಭಾಷೆಗಳಿಗೆ ರಕ್ತಸಂಬಂಧದ ಪ್ರಮಾಣಪತ್ರ ಏಕೆ ಬೇಕು ಎಂದು ಈ ಮರದ ಮುಂದೆ ನಿಂತು ಕೇಳಬೇಕೆನಿಸಿತು.

ಮೊದಲ ಪಯಣದಲ್ಲಿಯೇ ಸುಂಡ್‌ಬರ್ಗ್ ತೂರಿಯನ್ನು ಕೊಲ್ಲುತ್ತಾರೆ. ರೋಗನಿರೋಧ ಶಕ್ತಿಯಿಲ್ಲದ ಆಕೆಗೆ ರಕ್ಕಸನ ಗಾಯವಾಗುತ್ತದೆ, ದದ್ದು ಏಳುತ್ತದೆ. ತಾನೂ ರಕ್ಕಸಳಾಗುವ ಮೊದಲೇ ಆಕೆ ಸಮುದ್ರದೊಳಗೆ ನಡೆದುಹೋಗುತ್ತಾಳೆ. ಓದುಗನ ಕಣ್ಣೀರಿಗಾಗಿ ಇಟ್ಟ ಸಾವಲ್ಲ ಇದು. ದುಃಖದ ಜೊತೆಗೆ ಒಂದು ಗಟ್ಟಿ ಸಮಸ್ಯೆಯೂ ಉಳಿಯುತ್ತದೆ: ಇನ್ನು ಲಲ್ಲಿಯ ಮಾತನ್ನು ತಿಳಿಸುವವರು ಯಾರು? ಅವನ ದುಃಖವನ್ನು ಕೇಳಲು ಆ ತಂಡದಲ್ಲಿ ಒಬ್ಬರಿಗೂ ಭಾಷೆಯಿಲ್ಲ. ಮುಂದೆ ತಂಡದಿಂದ ಬೇರೆಯಾದ ಎಮಿಲ್ ಮತ್ತು ಲಲ್ಲಿ ಹಿಮದಲ್ಲಿ ನಡೆಯುವ ಪುಟಗಳಿವೆ. ಒಬ್ಬ ಮಾತಾಡುತ್ತಲೇ ಇರುತ್ತಾನೆ, ಇನ್ನೊಬ್ಬನಿಗೆ ಒಂದಕ್ಷರ ಅರ್ಥವಾಗುವುದಿಲ್ಲ. ಆದರೂ ಯಾರು ಹಸಿದಿದ್ದಾರೆ, ಯಾರು ಹೆದರಿದ್ದಾರೆ ಎಂಬುದು ಇಬ್ಬರಿಗೂ ಗೊತ್ತು. ಮಾಂತ್ರಿಕರು ಕನಸಿನಲ್ಲಿ ಭೇಟಿಯಾಗುವ ಪ್ರಸಂಗಗಳಲ್ಲಿ ಭಾಷೆಯ ಅಡ್ಡಿ ಇರುವುದಿಲ್ಲ. ಲಲ್ಲಿ, ರೇನಿರ್ ಅಲ್ಲಿ ಸಲೀಸಾಗಿ ಜಗಳವಾಡುತ್ತಾರೆ. ನನಗೆ ಆ ಕನಸುಗಳಿಗಿಂತ ಎಚ್ಚರದಲ್ಲಿನ ಈ ಮೂಕ ನಡಿಗೆಯೇ ದೊಡ್ಡದಾಗಿ ಕಂಡಿತು.

ಮನಸೋತ ಮಾತ್ರಕ್ಕೆ ಕಣ್ಣು ಮುಚ್ಚಬೇಕಿಲ್ಲ. ಈ ಲೋಕದಲ್ಲಿ ಉಳಿದವರೆಲ್ಲ ಒಂದೇ ಮೂಲೆಯವರು, ಹೆಚ್ಚುಕಡಿಮೆ ಒಂದೇ ಮೈಬಣ್ಣದವರು. ಅರಬರು, ಆಫ್ರಿಕನ್ನರು, ನಾವು, ನೀವು ಎಲ್ಲ ನಕ್ಷೆಯ ಹೊರಗೆ. ಐಸ್‌ಲೆಂಡ್ ಉಳಿದದ್ದು ಗಡಿ ಮುಚ್ಚಿದ್ದರಿಂದ. ಈ ಪೀಠಿಕೆ ಬರೆದದ್ದು 2015ರಲ್ಲಿ ಸಿರಿಯಾದ ನಿರಾಶ್ರಿತರು ಯುರೋಪಿನ ಬಾಗಿಲು ತಟ್ಟುವ ಮುನ್ನ, ನಿಜ. ದ್ವೇಷದಿಂದ ಬರೆದದ್ದೆಂದು ನಾನು ಹೇಳಲಾರೆ. ತನ್ನ ನೆರೆಯ ಜನಪದವನ್ನು ಪ್ರೀತಿಸುವವರ ಕೃತಿ ಇದು. ಆದರೆ ಸ್ಟಾಕ್‌ಹೋಮ್, ಕೋಪನ್‌ಹೇಗನ್‌ಗಳ ಬೀದಿಗಳಲ್ಲಿ ಮೊದಲೇ ನೆಲೆಸಿದ್ದ ಬೇರೆ ಬಣ್ಣದ ಜನರ ಮೊಮ್ಮಕ್ಕಳಾದರೂ ಒಬ್ಬಿಬ್ಬರು ಉಳಿಯಬೇಡವೆ? ಐದು ಭಾಷೆಗಳ ನಡುವಿನ ಬಿರುಕನ್ನು ಇಷ್ಟು ಸೂಕ್ಷ್ಮವಾಗಿ ಕಂಡ ಕಣ್ಣು, ಆರನೆಯ ಭಾಷೆಯವನನ್ನು ಕಾಣಲೇ ಇಲ್ಲ. ಕೃತಿಯ ದೊಡ್ಡ ಕೊರತೆ ಇದು.

ಇನ್ನೊಂದು ವಿಷಯ. ಕೃತಿಯ ನಡುದಾರಿಯಲ್ಲಿ ಲೇಖಕಿ ಕ್ರೈಸ್ತ ನಂಬಿಕೆಗೆ ಬಂದರು. 2021ರಲ್ಲಿ ‘ಲವ್ಲಿ ಪೀಪಲ್’ ಎಂಬ ಸಣ್ಣ ಕಾಮಿಕ್ಸ್ ಹೊರತಂದರು. ಜನರ ನಡತೆಗೆ ಅಂಕ ಕೊಟ್ಟು ಆಳುವ ವ್ಯವಸ್ಥೆಯಲ್ಲಿ ನಂಬಿಕೆಗಾಗಿ ಕಷ್ಟಪಡುವ ಮೊಲಗಳ ಕತೆ. ಹಳೆಯ ಓದುಗರಲ್ಲಿ ಹಲವರು ಮುನಿದರು. ಧರ್ಮ ಬಂತು, ಕಲೆ ಹೋಯಿತು ಎಂದು ತೀರ್ಪು ಕೊಡುವುದು ಸುಲಭ. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ‘ಲವ್ಲಿ ಪೀಪಲ್’ ಸೊರಗಿದ್ದು ಅದರ ನಂಬಿಕೆಯಿಂದಲ್ಲ, ಮೊಲಗಳು ಪ್ರತಿಯೊಂದನ್ನೂ ಬಿಡಿಸಿ ಹೇಳುವುದರಿಂದ. ಅದೇ ಲೇಖಕಿ ಅದಕ್ಕೂ ಮೊದಲೇ ದೊಡ್ಡ ಕೃತಿಯಲ್ಲಿ ಎಂದೋ ಸತ್ತ ಪಾದ್ರಿ ಹೆಂಗಸೊಬ್ಬಳ ಆತ್ಮವನ್ನು ತಂದಿದ್ದರು. ರಕ್ಕಸರಾಗಿ ಕೊಳೆತ ಜನರ ಪ್ರೇತಗಳಿಗೆ ಆಕೆ ದಾರಿ ತೋರಿಸುತ್ತಾಳೆ. ಅಲ್ಲಿ ಉಪದೇಶವಿಲ್ಲ, ಹಳೆಯ ದೇವತೆಗಳ ಜೊತೆ ವಾಗ್ವಾದವೂ ಇಲ್ಲ. ಮುದುಕಿಯೊಬ್ಬಳು ಮಾಡಬೇಕಾದ ಕೆಲಸ ಮಾಡಿ ಹೋದಂತಿದೆ. ಕತೆಯ ಕೊನೆಯಲ್ಲಿ ನೀತಿ ಎಲ್ಲಿ ಎಂದು ನಮ್ಮ ಕತೆಗಾರರನ್ನು ಕೇಳುವ ಹಿರಿಯರು ಈ ಎರಡೂ ಭಾಗಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಎರಡನೆಯ ಪಯಣ, ತೂರಿಯ ಅಣ್ಣ ಓನ್ನಿಯ ದುಃಖದಿಂದ ಹೊರಡುವುದು, ಮೊದಲಿನಷ್ಟು ಗಟ್ಟಿಯಿಲ್ಲ. ಕೊನೆಗೆ ಬಸ್ಸಿಗೆ ಹೊತ್ತಾಯಿತೆಂಬಂತೆ ಓಡುತ್ತದೆ. ಅದನ್ನು ಓದಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ ಅದರಲ್ಲಿ ಲಲ್ಲಿ ಕೆಲವು ಸ್ವೀಡಿಶ್ ಮಾತುಗಳನ್ನು ಕಲಿತಿರುತ್ತಾನೆ. ತಪ್ಪುತಪ್ಪಾಗಿ, ಮೊಂಡಾಗಿ, ಬೇಕಾದಷ್ಟೇ ಆಡುತ್ತಾನೆ. ಅವನ ಗುಳ್ಳೆಯ ಮೂಲೆಯಲ್ಲಿ ಆಗ ಬೇರೆ ಬಾವುಟ ಇರುತ್ತದೆ.