ದೊಡ್ಡ ಹುಣಸೆಯ ಹೂವು ನೋಡಿದ್ದೀರಾ?

ಸವಣೂರಿನ ಕಲ್ಮಠಕ್ಕೆ ಹೋದವರು ದೊಡ್ಡ ಹುಣಸೆ (ಬಾವೊಬಾಬ್) ಮರದ ಬೊಡ್ಡೆಗೆ ಆತು ಫೋಟೊ ತೆಗೆಸಿಕೊಳ್ಳುತ್ತಾರೆ, ಅದರ ವಯಸ್ಸಿನ ಬಗ್ಗೆ ವಾದಿಸುತ್ತಾರೆ, ಊರಿಗೆ ಮರಳುತ್ತಾರೆ. ಬೊಡ್ಡೆ ನೋಡತಕ್ಕದ್ದೇ. ಆದರೆ ನನ್ನ ಮಟ್ಟಿಗೆ ಇದು ಮೊದಲು ಹೂವಿನ ಮರ.

ಬೇಸಗೆಯಲ್ಲಿ ಬೋಳಾಗಿ ನಿಲ್ಲುವ ಮರ ಮುಂಗಾರಿನ ಹೊತ್ತಿಗೆ ಚಿಗುರಿ, ಉದ್ದ ತೊಟ್ಟಿನ ತುದಿಗೆ ಮೊಗ್ಗು ಇಳಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಮೊಗ್ಗು ಬಿರಿಯುತ್ತದೆ. ಅಂಗೈ ಮೀರುವ ಹೂವು, ಐದು ಬಿಳಿ ಎಸಳು, ನಡುವಿನಿಂದ ನೆಲದತ್ತ ತೂಗುವ ನೂರಾರು ಕೇಸರಗಳ ಕುಚ್ಚು. ಮಲ್ಲಿಗೆಯ ಘಮ ಹುಡುಕಬೇಡಿ. ಇದರ ವಾಸನೆ ತುಸು ಹಳಸಲು, ಬಾವಲಿಗಳಿಗೆ ಅದೇ ಕರೆ. ಪರಾಗಸ್ಪರ್ಶ ಅವುಗಳ ಕೆಲಸ. ಮರುದಿನವೇ ಎಸಳು ಕಂದುತ್ತವೆ. ಹಾಗಾಗಿ ಹಗಲು ಬಂದು ಹೋದವರು ಈ ಮರವನ್ನು ಅರ್ಧವಷ್ಟೇ ನೋಡಿದಂತೆ.

ಮೂಲ ಆಫ್ರಿಕಾದ್ದು. 1749ರಲ್ಲಿ ಸೆನೆಗಲ್‌ಗೆ ಹೋದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಮಿಶೆಲ್ ಅದಾನ್ಸನ್ ನೆನಪಿಗೆ ಅಡನ್ಸೋನಿಯಾ ಎಂದು ಹೆಸರಾಯಿತು. ಸವಣೂರಿನ ಮೂರು ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಆ ಶ್ರಮ ದೊಡ್ಡದು. ಆದರೂ ಮೂರೇ ಮರ ನೆಚ್ಚಿ ಕೂರುವುದು ಸರಿಯಲ್ಲ, ಮರಿಗಳು ಬೆಳೆಯಬೇಕು.

ಬೆಳೆಸುವುದು ಕಷ್ಟವಲ್ಲ. ಕಾಯಿಯೊಳಗಿನ ಹುಳಿ ತಿರುಳು ತೊಳೆದು ಬೀಜ ತೆಗೆಯಿರಿ. ಸಿಪ್ಪೆ ಬಲು ಗಟ್ಟಿ. ಅರದಿಂದ ಒಂದು ಬದಿ ಉಜ್ಜಿ, ರಾತ್ರಿಯಿಡೀ ನೀರಲ್ಲಿ ನೆನೆಸಿ ಊರಿ. ಎಳೆಯ ಸಸಿಯ ಎಲೆ ಒಂಟಿ, ಬೆರಳು ಬಿಡಿಸಿದಂಥ ಎಲೆ ಆಮೇಲೆ ಬರುತ್ತದೆ. ಬೇರೆ ಗಿಡ ಎಂದು ಕಿತ್ತೆಸೆಯಬೇಡಿ. ಆಡು, ದನ ಬಾಯಿ ಹಾಕದಂತೆ ಮುಳ್ಳುಬೇಲಿ ಬೇಕು. ಬಿಸಿಲು ಎಷ್ಟಿದ್ದರೂ ತಡೆಯುತ್ತದೆ, ಬುಡದಲ್ಲಿ ನಿಂತ ನೀರು ತಡೆಯದು. ಶಿಗ್ಗಾಂವಿ, ಸವಣೂರಿನ ಬಯಲಿಗೆ ಹೇಳಿ ಮಾಡಿಸಿದ್ದು. ಹಾನಗಲ್ಲಿನ ಗದ್ದೆ ಸೀಮೆಯಲ್ಲಾದರೆ ಎತ್ತರದ ಮಸಾರಿ ನೆಲ ಹುಡುಕಬೇಕು, ಹಿರೇಕೆರೂರಿನಲ್ಲೂ ಕೆರೆಯಂಗಳದಿಂದ ದೂರ. ಎರೆ ಮಣ್ಣಾದರೆ ದಿಬ್ಬ ಮಾಡಿಯೇ ನೆಡಬೇಕು. ಮನೆಯಂಗಳದ ಮರ ಇದಲ್ಲವೇ ಅಲ್ಲ. ಶಾಲೆಯ ಬಯಲು, ಗೋಮಾಳ, ಗುಡಿಯ ವಿಶಾಲ ಆವರಣ ಸೂಕ್ತ. ಒಂಟಿಯಾಗಿ ನೆಡಬೇಡಿ, ತನ್ನದೇ ಪರಾಗದಿಂದ ಕಾಯಿ ಕಚ್ಚುವುದು ಕಡಿಮೆ.

ಬೀಜದಿಂದ ಎದ್ದ ಮರ ಹೂ ಬಿಡಲು ಹದಿನೈದಿಪ್ಪತ್ತು ವರ್ಷ ಬೇಕಾಗಬಹುದು. ಈ ಮುಂಗಾರಿಗೆ ಮೇಲೆ ಹೇಳಿದ ನಾಲ್ಕೂ ತಾಲ್ಲೂಕಿನ ಶಾಲೆಗಳವರು ಎರಡೆರಡು ಸಸಿ ನೆಡಿ, ಬೇಲಿ ಕಟ್ಟಿ.