ಫ್ಯಾನ್ ಫ್ಲವರ್ ಮತ್ತು ಮೂಳೆ ಪುಡಿ: ಒಂದು ತೀರ್ಪಿನ ಮರುಪರಿಶೀಲನೆ

ದಕ್ಷಿಣ ಬೆಂಗಳೂರಿನ ಬಾಲ್ಕನಿಗಳಲ್ಲಿ ತೂಗುಕುಂಡವೆಂದರೆ ಪೆಟೂನಿಯಾ ಎಂಬ ತೀರ್ಮಾನ ಪ್ರಶ್ನೆಗೊಳಗಾಗದೆ ನಡೆದುಬಂದಿದೆ. ಗಣರಾಜ್ಯೋತ್ಸವದ ಹೊತ್ತಿಗೆ ಲಾಲ್‌ಬಾಗಿನ ಗಾಜಿನ ಮನೆಯ ಸುತ್ತ ಕಾಣುವ ಪೆಟೂನಿಯಾ ರಾಶಿ ಆ ಕೀರ್ತಿಯನ್ನು ವರ್ಷವರ್ಷವೂ ನವೀಕರಿಸುತ್ತದೆ. ಆದರೆ ಅದು ಚಳಿಗಾಲದ ಕೀರ್ತಿ. ಬಾಡಿದ ಹೂಗಳನ್ನು ಬಿಡದೆ ಕಿತ್ತು ತೆಗೆಯಬೇಕಾದ, ಒಂದು ಜೋರು ಮಳೆಗೆ ಎಸಳು ಮುದ್ದೆಯಾಗುವ, ಏಪ್ರಿಲ್‌ನ ಬಿಸಿಲಿಗೆ ಸೊರಗುವ ಗಿಡವನ್ನು ಇಡೀ ವರ್ಷದ ಮಾದರಿಯೆಂದು ಎತ್ತಿಹಿಡಿದಿರುವುದರಿಂದ ಅನ್ಯಾಯವಾಗಿರುವುದು ಫ್ಯಾನ್ ಫ್ಲವರ್‌ಗೆ, ಅಂದರೆ ಆಸ್ಟ್ರೇಲಿಯಾದ ದಕ್ಷಿಣ ಭಾಗದ ಸ್ಕೆವೋಲಾ ಎಮ್ಯುಲಾ ಎಂಬ ಇಳಿಬೀಳುವ ಸಸ್ಯಕ್ಕೆ. ಇದು ಬೆಂಗಳೂರಿಗೆ ಒಗ್ಗುವುದಿಲ್ಲ, ಎರಡು ತಿಂಗಳಲ್ಲಿ ಹಳದಿಯಾಗಿ ಸಾಯುತ್ತದೆ ಎಂಬ ಮಾತು ತೋಟಗಾರರ ನಡುವೆ ಸುಲಭವಾಗಿ ಓಡಾಡುತ್ತದೆ. ಗಿಡ ಸಾಯುವುದು ನಿಜವಿರಬಹುದು. ಅದಕ್ಕೆ ಹೇಳುವ ಕಾರಣ ಮಾತ್ರ ನಿಜವಲ್ಲ.

ಹೂವಿನ ರಚನೆಯೇ ಗಮನಾರ್ಹವಾದುದು. ಐದು ಎಸಳುಗಳೂ ಒಂದೇ ಬದಿಗೆ ಬೀಸಣಿಗೆಯಂತೆ ಬಿಚ್ಚಿಕೊಂಡು, ಹಿಂಬದಿಯ ಕೊಳವೆ ಸೀಳಿರುತ್ತದೆ. ಶಲಾಕಾಗ್ರದ ಸುತ್ತಲಿನ ಪುಟ್ಟ ಬಟ್ಟಲೊಂದು ಹೂ ಅರಳುವ ಮೊದಲೇ ಪರಾಗವನ್ನು ತುಂಬಿಕೊಂಡು, ಬಳಿಕ ಅದನ್ನು ಬರುವ ಕೀಟದ ಬೆನ್ನಿಗೆ ಸವರುತ್ತದೆ. ಮುಗಿದ ಹೂಗಳು ತಾವಾಗಿಯೇ ಉದುರುವುದರಿಂದ ಕಿತ್ತು ಶುಚಿಗೊಳಿಸುವ ಕೆಲಸವಿಲ್ಲ. ಸುವಾಸನೆಯಿಲ್ಲ, ನೀಲಿ-ನೇರಳೆ, ಬಿಳಿ, ಗುಲಾಬಿಗಳನ್ನು ಬಿಟ್ಟರೆ ಬಣ್ಣದ ವೈವಿಧ್ಯ ಕಡಿಮೆ, ಕಾಂಡ ಸುಲಭವಾಗಿ ಮುರಿಯುತ್ತದೆ ಎಂಬ ಆಕ್ಷೇಪಗಳನ್ನು ಒಪ್ಪಬೇಕು. ಇವುಗಳಲ್ಲಿ ಯಾವುದೂ ಗಿಡದ ಸಾವಿಗೆ ಕಾರಣವಲ್ಲ.

ವಿಚಾರಣೆಗೆ ಒಳಗಾಗಬೇಕಾದುದು ಕುಂಡ ತುಂಬುವ ಪದ್ಧತಿ. ಸಿದ್ದಾಪುರದ ನರ್ಸರಿಗಳಿಂದ ಜೆ.ಪಿ. ನಗರದ ತಾರಸಿಗಳವರೆಗೆ ಹೂಗಿಡವೆಂದೊಡನೆ ನೆನಪಾಗುವುದು ಒಂದು ಹಿಡಿ ಮೂಳೆ ಪುಡಿ, ಜೊತೆಗೆ ಒಂದು ಚಮಚ ಡಿಎಪಿ. ಮೂಳೆ ಪುಡಿಯಲ್ಲಿ ರಂಜಕದ ಅಂಶ ಫಾಸ್ಫೇಟ್ ಲೆಕ್ಕದಲ್ಲಿ ಶೇಕಡ 20ರ ಆಸುಪಾಸಿನಲ್ಲಿದ್ದರೆ, ಡಿಎಪಿಯಲ್ಲಿ ಅದು ಶೇಕಡ 46. ಈ ರೂಢಿ ಹುಟ್ಟಿದ್ದು ಕೆಮ್ಮಣ್ಣಿನಲ್ಲಿ, ಮತ್ತು ಅಲ್ಲಿ ಅದಕ್ಕೆ ಅರ್ಥವಿತ್ತು. ಕೆಮ್ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳು ಹಾಕಿದ ರಂಜಕದ ಬಹುಪಾಲನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೇರಿಗೆ ತಲುಪುವುದು ಸ್ವಲ್ಪವೇ, ಆದ್ದರಿಂದ ಕೈ ಧಾರಾಳವಾಗಿದ್ದರೂ ಹಾನಿಯಿರಲಿಲ್ಲ. ಇಂದಿನ ತೂಗುಕುಂಡದಲ್ಲಿ ಕೆಮ್ಮಣ್ಣಿಲ್ಲ. ಭಾರ ತಗ್ಗಿಸಲು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿರುತ್ತದೆ. ಅದಕ್ಕೆ ರಂಜಕವನ್ನು ಹಿಡಿದಿಡುವ ಶಕ್ತಿ ಅತ್ಯಲ್ಪ, ಮೇಲಾಗಿ ಅದರ ಸೌಮ್ಯ ಆಮ್ಲತೆಯಲ್ಲಿ ಮೂಳೆ ಪುಡಿ ಚೆನ್ನಾಗಿಯೇ ಕರಗುತ್ತದೆ. ಕುಂಡದೊಳಗಿನ ಪದಾರ್ಥ ಬದಲಾಯಿತು, ಹಿಡಿಯ ಅಳತೆ ಬದಲಾಗಲಿಲ್ಲ. ರಂಜಕ ತೀರ ಕಡಿಮೆಯಿರುವ ಪುರಾತನ ಮಣ್ಣಿಗೆ ಒಗ್ಗಿಬಂದ ಸ್ಕೆವೋಲಾಕ್ಕೆ ಈ ಔದಾರ್ಯವೇ ವಿಷವಾಗುತ್ತದೆ: ಹೆಚ್ಚಿನ ರಂಜಕ ಕಬ್ಬಿಣದ ಬಳಕೆಗೆ ಅಡ್ಡಬಂದು, ಎಳೆಯ ಎಲೆಗಳ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಬಿಟಿಎಂ ಬಡಾವಣೆಯಂಥ ಕಡೆಗಳಲ್ಲಿ ಸುಣ್ಣದಂಶ ಹೆಚ್ಚಿರುವ ಕೊಳವೆಬಾವಿಯ ಗಡಸು ನೀರನ್ನು ನಿತ್ಯ ಹಾಕುವುದರಿಂದ ರಸಸಾರ, ಅಂದರೆ ಮಣ್ಣಿನ ಆಮ್ಲ-ಕ್ಷಾರಗಳ ಅಳತೆ, ಈ ಗಿಡ ಬಯಸುವ 5.5ರಿಂದ 6.5ರ ಮಿತಿಯನ್ನು ದಾಟಿ ಮೇಲೇರುತ್ತದೆ, ಆಗ ಕಬ್ಬಿಣ ಇನ್ನಷ್ಟು ದುರ್ಲಭವಾಗುತ್ತದೆ. ಹಳದಿಯನ್ನು ಕಂಡವರು ಗಿಡಕ್ಕೆ ಹಸಿವೆಂದು ಭಾವಿಸಿ 19:19:19 ಗೊಬ್ಬರವನ್ನು ಕರಗಿಸಿ ಸುರಿಯುತ್ತಾರೆ, ಅದರೊಂದಿಗೆ ಮತ್ತೆ ರಂಜಕ; ಕೆಳಗಿನ ತಟ್ಟೆಯಲ್ಲಿ ನೀರು ನಿಂತು ಬೇರು ಕೊಳೆತಾಗ ತೀರ್ಪು ಹೊರಬೀಳುತ್ತದೆ. ಮೂಳೆ ಪುಡಿಯನ್ನು ಪೂರ್ತಿಯಾಗಿ ಬಿಟ್ಟು, ರಂಜಕ ಕಡಿಮೆಯಿರುವ ಗೊಬ್ಬರವನ್ನು ಮಿತವಾಗಿ ಕೊಟ್ಟು, ತಟ್ಟೆಯನ್ನು ತೆಗೆದಿಟ್ಟು, ಸಂಗ್ರಹಿಸಿದ ಮಳೆನೀರನ್ನು ಆಗಾಗ ಬಳಸಿ, ದಿನಕ್ಕೆ ಆರು ಗಂಟೆಯ ನೇರ ಬಿಸಿಲು ದೊರೆಯುವಂತೆ ತೂಗುಹಾಕಿದ ಗಿಡವನ್ನು ನೋಡದೆ ಈ ಸಸ್ಯದ ಬಗ್ಗೆ ತೀರ್ಪು ಕೊಡುವುದು ವಿಮರ್ಶೆಯಲ್ಲ.

ಇನ್ನೊಂದು ಬಗೆಯ ಆಕ್ಷೇಪ ಸ್ಥಳೀಯ ಸಸ್ಯವಾದಿಗಳದು. ಪರದೇಶದ ಅಲಂಕಾರಿಕ ಗಿಡಕ್ಕೆ ಇಲ್ಲಿ ಜಾಗವಿಲ್ಲವೆಂಬ ಅವರ ನಿಲುವಿನ ಹಿಂದೆ ಅಲಂಕಾರಕ್ಕೆಂದು ಬಂದು ಕಾಡುಗಳನ್ನು ಆವರಿಸಿದ ಲಂಟಾನದ ಕಹಿ ಅನುಭವವಿದೆ, ಆ ಕಾಳಜಿ ಗೌರವಾರ್ಹ. ಆದರೆ ಅದನ್ನು ಸಾರಾಸಗಟು ನಿಯಮವಾಗಿಸಿದರೆ ಜಯನಗರದಲ್ಲಿ ನೆರಳೇ ಉಳಿಯದು. ಗುಲ್‌ಮೊಹರ್ ಮಡಗಾಸ್ಕರ್‌ನದು, ಮಳೆಮರ, ಜಕರಂಡ, ಟಬೆಬುಯಾಗಳು ಅಮೆರಿಕ ಖಂಡಗಳವು, ಹಬ್ಬದ ಬಾಗಿಲಿಗೆ ಕಟ್ಟುವ ಚೆಂಡುಹೂವೂ ಮೆಕ್ಸಿಕೊದ ಕಡೆಯಿಂದ ಬಂದುದೇ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಈ ನಗರಕ್ಕೆ ಕೊಟ್ಟ ಸರದಿ ಹೂಬಿಡುವಿಕೆಯ ಕಲ್ಪನೆ, ಅಂದರೆ ವರ್ಷದ ಪ್ರತಿ ಋತುವಿನಲ್ಲೂ ಯಾವುದಾದರೂ ಬೀದಿ ಅರಳಿರಬೇಕೆಂಬ ಯೋಜನೆ, ಪರದೇಶದ ಮರಗಳಿಲ್ಲದೆ ಸಾಧ್ಯವಾಗುತ್ತಿರಲಿಲ್ಲ. ಪ್ರಶ್ನೆಯನ್ನು ಕೇಳಬೇಕಾದುದು ದೇಶದ ಹೆಸರಿನಲ್ಲಿ ಅಲ್ಲ, ಒಂದೊಂದು ಜಾತಿಯ ನಡತೆಯ ಮೇಲೆ. ಇದಕ್ಕೆ ಸ್ಕೆವೋಲಾ ಕುಲವೇ ಸಾಕ್ಷಿ: ಭಾರತದ ಕಡಲತೀರಗಳಲ್ಲೂ ಲಕ್ಷದ್ವೀಪದಲ್ಲೂ ಸಹಜವಾಗಿ ಬೆಳೆದು ಮರಳನ್ನು ಹಿಡಿದಿಡುವ ಸ್ಕೆವೋಲಾ ಟಕ್ಕಾಡ, ಫ್ಲಾರಿಡಾ ಮತ್ತು ಕೆರಿಬಿಯನ್ ದಡಗಳಲ್ಲಿ ಆಕ್ರಮಣಕಾರಿಯಾಗಿದೆ. ನಮ್ಮದೆನ್ನಬಹುದಾದ ಜಾತಿ ಬೇರೆ ನೆಲದಲ್ಲಿ ಉಪದ್ರವವಾಗಿರುವಾಗ, ಕಡ್ಡಿಯಿಂದ ಬೆಳೆಸಿ ಬಾಲ್ಕನಿಯ ಕುಂಡದಲ್ಲಿ ತೂಗುಹಾಕುವ ತಳಿಯನ್ನು ಹುಟ್ಟೂರಿನ ಕಾರಣಕ್ಕೆ ತಳ್ಳಿಹಾಕುವುದು ಪರಿಸರಶಾಸ್ತ್ರವಾಗುವುದಿಲ್ಲ. ಪೆಟೂನಿಯಾ ದಕ್ಷಿಣ ಅಮೆರಿಕದ್ದೆಂಬುದನ್ನು ಈ ಚರ್ಚೆಯಲ್ಲಿ ಯಾರೂ ಎತ್ತದಿರುವುದು ರೂಢಿಯ ಬಲವನ್ನಷ್ಟೇ ತೋರಿಸುತ್ತದೆ.

ಪಾತಿಯ ವಿಷಯದಲ್ಲಿ ಮಾತ್ರ ಫ್ಯಾನ್ ಫ್ಲವರ್‌ನ ಪರವಾದ ಹೊಗಳಿಕೆಯೂ ಹೆಚ್ಚಾಗಿದೆ. ನೆಲವನ್ನು ಹಾಸಿನಂತೆ ಮುಚ್ಚುವ ಗಿಡವೆಂದು ಬೀಜ ಕಂಪನಿಗಳ ಪಟ್ಟಿಗಳು ಹೇಳುವುದು ನೀರು ಬಸಿದುಹೋಗುವ ಮರಳುನೆಲದ ಮಾತು. ಬನಶಂಕರಿಯ ಮನೆಗಳ ಕಾಂಪೌಂಡ್ ಬದಿಯ ಪಾತಿಗಳಲ್ಲಿ ಕಟ್ಟಡದ ಗಾರೆ, ಸಿಮೆಂಟಿನ ಚೂರು ಹೂತಿರುವುದು ಸಾಮಾನ್ಯ. ಅದು ರಸಸಾರವನ್ನು ಏರಿಸುತ್ತದೆ, ಸೆಪ್ಟೆಂಬರ್-ಅಕ್ಟೋಬರ್‌ನ ಮಳೆಯಲ್ಲಿ ನೀರೂ ನಿಲ್ಲುತ್ತದೆ. ಒಂದಡಿ ಆಳಕ್ಕೆ ಅಗೆದು ಗಾರೆಯನ್ನು ಹೊರಹಾಕಿ, ಕೆಮ್ಮಣ್ಣಿಗೆ ದಪ್ಪ ಮರಳು ಬೆರೆಸಿ, ಪಾತಿಯನ್ನು ನೆಲಮಟ್ಟದಿಂದ ಎತ್ತರಿಸಿ, ಹಿಂಗಾರು ಮುಗಿದ ಮೇಲೆ ನೆಡಲು ಸಿದ್ಧರಿರುವವರಿಗೆ ಅದು ಅಂಚಿನ ಗಿಡವಾಗಿ ಒದಗುತ್ತದೆ. ಅಷ್ಟು ಶ್ರಮಕ್ಕೆ ಮನಸ್ಸಿಲ್ಲದವರು ತೂಗುಕುಂಡದಲ್ಲೇ ಉಳಿಸಿಕೊಂಡು, ಎಳೆಯ ತುದಿಗಳನ್ನು ಚಿವುಟಿ ಕವಲೊಡೆಸುವುದು ಲೇಸು.